ಮದುವೆಯಾದವರ ಪುಟಗಳು ಎದ್ದ ವಾರ

ವೆಬ್‌ಸೈಟ್ ನೋಡಿಕೊಳ್ಳುವ ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ, ಯಾವ ಪ್ಲಗಿನ್ ಒಳ್ಳೆಯದು ಅಂತ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾನು ಕೆಲಸ ಬಿಟ್ಟು ಮೂರು ವರ್ಷವಾಯಿತು, ನಾಲ್ಕೂ ಇರಬಹುದು. ಅಷ್ಟರಲ್ಲಿ ಅವುಗಳ ಹೆಸರು, ಬಣ್ಣ, ಬಟನ್ನಿನ ಜಾಗ ಎಲ್ಲ ಬದಲಾಗಿರುತ್ತವೆ. ಹಾಗಾಗಿ ನಾನು ಮಾಡಿದ ಒಂದು ತಪ್ಪನ್ನು ಬರೆದಿಡುತ್ತೇನೆ. ಅದನ್ನು ಇವತ್ತೂ ಯಾರು ಬೇಕಾದರೂ ಮಾಡಬಹುದು.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದುವಾಗ, ಯಾವ ಅಳತೆ ಬರೆದರೂ ಅದರ ಪಕ್ಕದಲ್ಲಿ ಎಷ್ಟು ತಪ್ಪಿರಬಹುದು ಎಂದೂ ಬರೆಯಬೇಕು ಅಂತ ಕಲಿಸಿದ್ದರು. ನೆನಪಿನ ಪಕ್ಕದಲ್ಲಿ ಹಾಗೆ ಯಾರೂ ಬರೆಯುವುದಿಲ್ಲ. ನನ್ನ ನೆನಪಂತೂ ಬೆಳಗಿನ ಹೊತ್ತು ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜಿನಲ್ಲಿ ನಿಂತಂತೆ. ಕಂಡದ್ದು ಆನೆಯೋ ಬಂಡೆಯೋ, ಅದು ಅಲುಗಾಡುವ ತನಕ ಹೇಳಲಾಗುವುದಿಲ್ಲ.

ಚಾಮರಾಜನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನನ್ನ ಕೆಲಸದ ಜೀವನವೆಲ್ಲ ಕಳೆಯಿತು. ಮೊದಲು ಅಲ್ಲಿ ಡಿಟಿಪಿ ಮಾಡುತ್ತಿದ್ದೆ, ಲಗ್ನಪತ್ರಿಕೆ, ತಿಥಿಪತ್ರಿಕೆ. ಆಮೇಲೆ ಊರಿಗೆ ಇಂಟರ್ನೆಟ್ ಬಂತು, ವೆಬ್‌ಸೈಟ್ ಮಾಡಲು ಕಲಿತೆ. ಒಂದು ಕಡೆ ಕೂರುವ ಸ್ವಭಾವ ನನ್ನದಲ್ಲ. ಪುಟ ತೆರೆದುಕೊಳ್ಳುವಷ್ಟರಲ್ಲಿ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದೆ. ಆ ಕಾಲದ ಇಂಟರ್ನೆಟ್ಟಿಗೆ ಅದು ಸರಿಯಾಗಿತ್ತು.

ರೀಡೈರೆಕ್ಟ್ ಎಂದರೇನು ಎಂದು ನಾನು ಕಲಿತದ್ದೂ ಒಂದು ತಪ್ಪಿನಿಂದಲೇ. ಬಂಡೀಪುರದ ಕಡೆ ಹೋಗುವ ದಾರಿಯಲ್ಲಿ ಒಬ್ಬರು ಹೋಂಸ್ಟೇ ಇಟ್ಟಿದ್ದರು. ಅವರ ಸೈಟಿನಲ್ಲಿ ಕೋಣೆಗಳ ಪುಟದ ವಿಳಾಸ ಬದಲಾಯಿತು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿ ಎಂದು ಸರ್ವರಿಗೆ ಒಂದು ಸಾಲು ಬರೆದೆ. ಆ ಸಾಲಿಗೇ ರೀಡೈರೆಕ್ಟ್ ಅನ್ನುವುದು. ಸ್ವಲ್ಪ ದಿನದ ಮೇಲೆ ಇನ್ನೇನೋ ಸರಿಮಾಡುವಾಗ, ಹೊಸ ವಿಳಾಸಕ್ಕೆ ಬಂದವರನ್ನು ಹಳೆಯದಕ್ಕೆ ಕಳಿಸಿ ಎಂದೂ ಬರೆದುಬಿಟ್ಟಿದ್ದೆ. ಹೋಂಸ್ಟೇಯವರು ಫೋನ್ ಮಾಡಿದರು.

"ಸ್ವಾಮಣ್ಣ, ನನ್ ಸೈಟು ಗಾಣದ್ ಎತ್ತಿನಂಗೆ ಸುತ್ತ್‌ತಾ ಕೂತದಲ್ಲ. ಎಣ್ಣೆನಾದ್ರೂ ಬತ್ತದಾ?"

ಆಗ ಅಂಥ ಸಾಲುಗಳನ್ನು ಒಂದು ಫೈಲಿನಲ್ಲಿ ಕೈಯಿಂದಲೇ ಬರೆಯುತ್ತಿದ್ದೆವು. ಒಂದು ಚುಕ್ಕೆ ಹೆಚ್ಚಾದರೆ ಇಡೀ ಸೈಟೇ ಬಿದ್ದುಹೋಗುತ್ತಿತ್ತು. ಆಮೇಲೆ ಉಚಿತ ಪ್ಲಗಿನ್‌ಗಳು ಬಂದವು, ಎಂದರೆ ಸೈಟಿಗೆ ಸಿಕ್ಕಿಸಿಕೊಳ್ಳುವ ಚಿಕ್ಕ ಚಿಕ್ಕ ಸಲಕರಣೆಗಳು. ಎಡಗಡೆ ಹಳೆಯ ವಿಳಾಸ, ಬಲಗಡೆ ಹೊಸದು, ಬಟನ್ ಒತ್ತಿದರೆ ಮುಗಿಯಿತು. ಕೆಲಸ ಸುಲಭವಾಯಿತು. ಬಟನ್ ಒತ್ತಿದ ಮೇಲೆ ಒಳಗೆ ಏನಾಯಿತು ಎಂದು ನೋಡುವ ಅಭ್ಯಾಸವೂ ಹಾಗೇ ಕಡಿಮೆಯಾಯಿತು.

ನನ್ನ ಕೊನೆಯ ಹತ್ತು ಹನ್ನೆರಡು ವರ್ಷದ ಮುಖ್ಯ ಕೆಲಸ ಮಾದೇವಯ್ಯ ಮೇಷ್ಟ್ರದು. ಮೇಷ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ವಧು-ವರರ ಮಾಹಿತಿ ಕೇಂದ್ರ ತೆರೆದಿದ್ದರು. ಉದ್ದನೆಯ ರಿಜಿಸ್ಟರು, ಹೆಣ್ಣಿಗೆ ಒಂದು ಹಾಳೆ, ಗಂಡಿಗೆ ಒಂದು ಹಾಳೆ. ಹೆಣ್ಣಿನ ಮದುವೆ ಗೊತ್ತಾದರೆ ಮನೆಯವರು ಅರಿಶಿನ ಹಚ್ಚಿದ ಪತ್ರಿಕೆ ತಂದುಕೊಡುತ್ತಿದ್ದರು. ಮೇಷ್ಟ್ರು ಆ ಅರಿಶಿನವನ್ನೇ ಬೆರಳಿಗೆ ತೆಗೆದುಕೊಂಡು ರಿಜಿಸ್ಟರಿನ ಹಾಳೆಯ ಮೂಲೆಗೆ ಒತ್ತಿ, ಹಾಳೆಯನ್ನು ಒಳಕ್ಕೆ ಮಡಿಸಿಬಿಡುತ್ತಿದ್ದರು. ಹರಿಯುತ್ತಿರಲಿಲ್ಲ, ಹೊಡೆದುಹಾಕುತ್ತಿರಲಿಲ್ಲ.

ರಿಜಿಸ್ಟರು ವೆಬ್‌ಸೈಟ್ ಆದಾಗ, ಮದುವೆಯಾದವರ ಪುಟ ಅಳಿಸಿಬಿಡೋಣ ಅಂದೆ.

"ಮದ್ವೆ ಆಗಿ ಹೋದ್ ಹೆಣ್ಣ್‌ಮಗಳ ಹೆಸ್ರು ಒರೆಸ್ಬಾರ್ದು ಕಣಪ್ಪ" ಅಂದರು ಮೇಷ್ಟ್ರು. "ಕುಂಕುಮ ಒರೆಸ್ದಂಗೆ ಆಯ್ತದೆ."

"ಅದು ಬರೀ ಡೇಟಾ ಮೇಷ್ಟ್ರೇ."

"ನಿಂಗೆ ಡೇಟಾ. ನಾನು ಅವ್ಳ ಜಾತಕ ಹಿಡ್ಕಂಡು ಎಂಟು ಮನೆ ಬಾಗ್ಲು ತಟ್ಟಿದ್ದೀನಿ."

ವಾದ ಮಾಡುವುದು ನನ್ನ ಚಟ, ಆದರೆ ಅವರ ಮುಂದೆ ಗೆದ್ದದ್ದು ನೆನಪಿಲ್ಲ. ಪುಟವನ್ನು ಇದ್ದಂತೆಯೇ ಬಿಟ್ಟು, ಅದರ ವಿಳಾಸಕ್ಕೆ ಬಂದವರನ್ನು ಬೇರೊಂದು ಪುಟಕ್ಕೆ ಕಳಿಸುವ ಏರ್ಪಾಡು ಮಾಡಿದೆ. ಆ ಪುಟದಲ್ಲಿ ಅರಿಶಿನ ಕುಂಕುಮದ ತಟ್ಟೆಯ ಚಿತ್ರ, ಕೆಳಗೆ ಮೇಷ್ಟ್ರು ಬರೆದುಕೊಟ್ಟ ಎರಡು ಸಾಲು: "ಈ ಹೆಣ್ಣುಮಗಳ ಮದುವೆ ನೆರವೇರಿದೆ. ನಿಮಗೂ ಒಳ್ಳೆಯ ಸಂಬಂಧ ಕೂಡಿಬರಲಿ." ಹೀಗೆ ವರ್ಷ ವರ್ಷವೂ ಮಡಿಸಿದ ಪುಟಗಳು ಹೆಚ್ಚುತ್ತಾ ಹೋದವು. ಅವುಗಳ ರೀಡೈರೆಕ್ಟ್‌ಗಳನ್ನು ಪ್ಲಗಿನ್ನಿನಲ್ಲಿ ಬೇರೆ ಗುಂಪಾಗಿ ಇಟ್ಟೆ. ಗುಂಪಿಗೆ "ಶುಭ" ಅಂತ ಹೆಸರು ಕೊಟ್ಟೆ. ಆ ಪುಟಗಳ ಕೆಳಗೆ ಹೆಣ್ಣುಮಕ್ಕಳು ತಮ್ಮ ಹಳೆಯ ಫೋಟೊ, ನಕ್ಷತ್ರ, ಓದು, ಎತ್ತರ ಎಲ್ಲವನ್ನೂ ಹೊದ್ದು ಮಲಗಿದ್ದಾರೆ ಅಂತ ಮಧ್ಯಾಹ್ನದ ಹೊತ್ತು ಅನ್ನಿಸುತ್ತಿತ್ತು. ಓದಿದವನು ಹೀಗೆ ಅಂದುಕೊಳ್ಳಬಾರದು, ಆದರೂ ಅನ್ನಿಸುತ್ತಿತ್ತು.

ಕೊನೆಯ ವರ್ಷ ಹಣ ಕೊಟ್ಟು ಕೊಳ್ಳುವ ಎಸ್‌ಇಒ ಪ್ಲಗಿನ್ನಿಗೆ ಬದಲಾದೆವು. ಸರ್ಚ್‌ನಲ್ಲಿ ಹುಡುಕಿದರೆ ನಮ್ಮ ಸೈಟು ಮೇಲೆ ಬರಲಿ ಎಂಬುದಕ್ಕೆ ಇರುವ ಪ್ಲಗಿನ್ ಅದು. ಕೊಳ್ಳೋಣ ಅಂದವರು ಮೇಷ್ಟ್ರು ಅಂತ ನನ್ನ ನೆನಪು. ನೀನೇ ಹಟ ಹಿಡಿದೆ ಅಂತ ಅವರ ನೆನಪು. ರೀಡೈರೆಕ್ಟ್ ನೋಡಿಕೊಳ್ಳುವ ಭಾಗವೂ ಅದರಲ್ಲೇ ಇತ್ತು, ಹಳೆಯ ಪ್ಲಗಿನ್ನಿನ ಪಟ್ಟಿಯನ್ನು ತಾನೇ ಎತ್ತಿಕೊಳ್ಳುತ್ತೇನೆ ಎಂದು ಒಂದು ಬಟನ್ ತೋರಿಸುತ್ತಿತ್ತು. ಒತ್ತಿದೆ. ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬಿಕೊಂಡಿತು. ಮುಗಿಯಿತು ಎಂದಿತು.

ನಾನು ಪರೀಕ್ಷೆ ಮಾಡದೆ ಬಿಡಲಿಲ್ಲ. ಇದು ಮಾತ್ರ ಗಟ್ಟಿಯಾಗಿ ನೆನಪಿದೆ. ಸಾಮಾನ್ಯ ಪುಟಗಳಲ್ಲಿ ಹತ್ತನ್ನು ನೋಡಿದೆ, ಶುಭ ಗುಂಪಿನಲ್ಲಿ ನಾಲ್ಕೈದನ್ನು ನೋಡಿದೆ. ಎಲ್ಲ ಕಡೆಯೂ ಹೋಗಬೇಕಾದ ಕಡೆಗೇ ಹೋಯಿತು, ಅರಿಶಿನ ಕುಂಕುಮದ ತಟ್ಟೆ ಬಂತು. ಹಳೆಯ ಪ್ಲಗಿನ್ ತೆಗೆದುಹಾಕಿದೆ. ಪಟ್ಟಿಯನ್ನೂ ಅಳಿಸಲೇ ಎಂದು ಅದು ಕೇಳಿತು. ಹೌದು ಎಂದೆ.

ಎರಡು ದಿನ ಬಿಟ್ಟು ಗುಂಡ್ಲುಪೇಟೆಯಿಂದ ಒಬ್ಬ ಫೋನ್ ಮಾಡಿದ. ಹೆಸರು ಮಹೇಶ, ಅರಣ್ಯ ಇಲಾಖೆಯಲ್ಲಿ ಜೀಪ್ ಡ್ರೈವರ್.

"ಸಾರ್, ಮೇಷ್ಟ್ರು ಸೈಟು ನೋಡ್ಕಳದು ನೀವೇನಾ? ನಮ್ ಮನೆವ್ಳ ಫೋಟೊ ಬತ್ತಾ ಅದೆ ಅದ್ರಲ್ಲಿ. ಭಾಗ್ಯ ಅಂತ. ನಮ್ ಚಿಕ್ಕಪ್ಪ ಮಗನ್ಗೆ ಎಣ್ ನೋಡ್ತಾ ಇದ್ರು, 'ಮಹೇಶ, ನಿನ್ ಎಂಡ್ತಿಗೆ ಗಂಡು ಉಡುಕ್ತಾವ್ರಲ್ಲೋ' ಅಂದ್ರು. ಮೊನ್ನೆ ತಾರೀಕು ಬೇರೆ ಆಕದೆ."

ನನ್ನ ಕಂಪ್ಯೂಟರಿನಲ್ಲಿ ಭಾಗ್ಯಳ ವಿಳಾಸ ತೆರೆದೆ. ಅರಿಶಿನ ಕುಂಕುಮದ ತಟ್ಟೆ.

"ಇಲ್ವಲ್ಲಪ್ಪ. ನಾನು ಈಗ ನೋಡ್ತಾನೇ ಇದ್ದೀನಿ. ಅವರ ಹಳೇ ಪುಟ ಮುಚ್ಚಿದೆ. ನಿಮಗೆ ಕಾಣ್ತಿರೋದು ಹಾಗಾದ್ರೆ ಯಾರೋ ಹೊಸದಾಗಿ ಹಾಕಿರಬೇಕು."

"ಒಸ್ದಾಗಿ ಯಾರ್ ಆಕ್ಬೋದು ಸಾರ್?"

"ಪಾಸ್‌ವರ್ಡ್ ಇರೋರು. ಅವರೇ, ಇಲ್ಲ ಅವರ ತೌರುಮನೆಯೋರು."

"ಸರಿ ಬುಡಿ ಸಾರ್" ಅಂದು ಫೋನ್ ಇಟ್ಟ. ನಾನು ಎದ್ದು ಕಿಟಕಿಗೆ ಹೋಗಿ ಬಂದೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆನೆಂಬ ಸಮಾಧಾನವೂ ಇತ್ತು ಅನ್ನಿಸುತ್ತದೆ.

ಮಾರನೆಯ ದಿನ ಇನ್ನೊಬ್ಬ ಹೆಣ್ಣುಮಗಳ ಫೋನು. ಅವಳಿಗೆ ನಗು.

"ಸಾರ್, ನನ್ ಫೋಟೊ ನೋಡಿ ಯಾರೋ ಗಂಡಿನೋರು ಫೋನ್ ಮಾಡವ್ರೆ. ಎರಡ್ ಮಕ್ಳಾಗವೆ ಅಂದೆ. ಅವ್ರು ನಂಬ್ತಾನೇ ಇಲ್ಲ. ಫೋಟೊ ಚೆನ್ನಾಗದೆ ಬುಡಿ, ಇರ್ಲಿ."

ಅವಳ ವಿಳಾಸವನ್ನೂ ತೆರೆದೆ. ತಟ್ಟೆಯೇ ಬಂತು. ಒಬ್ಬ ತಪ್ಪು ನೋಡಿರಬಹುದು. ಪರಿಚಯವೇ ಇಲ್ಲದ ಇಬ್ಬರು ಒಂದೇ ತಪ್ಪನ್ನು ನೋಡುವುದು ಹೇಗೆ? ಕೂರಲಾಗದೆ ಮೆಟ್ಟಿಲಿಳಿದು ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನ ಫೋನ್ ಇಸಿದುಕೊಂಡು ಭಾಗ್ಯಳ ವಿಳಾಸ ಹೊಡೆದೆ. ನೀಲಿ ಸೀರೆ, ಸ್ಟುಡಿಯೋದ ಪರದೆ, ಕೆಳಗೆ "ವರ ಬೇಕಾಗಿದೆ", ಅದರ ಕೆಳಗೆ ಹೊಸ ತಾರೀಕು. ಗಲ್ಲಾದವನು ಬಗ್ಗಿ ನೋಡಿದ.

"ಲಕ್ಷಣವಾಗವ್ಳೆ ಸಾರ್. ಯಾರ್ಗೆ, ಮಗನ್ಗಾ?"

ಒಂದು ಟೀ ಹೇಳಿ, ಅದು ತಣ್ಣಗಾಗುವ ತನಕ ಅಲ್ಲೇ ನಿಂತಿದ್ದೆ. ನಿಂತಲ್ಲೇ ಅರ್ಥವಾಯಿತು. ಹೊಸ ಪ್ಲಗಿನ್ ಹಳೆಯದರ ಮೊದಲ ಗುಂಪನ್ನಷ್ಟೇ ಎತ್ತಿಕೊಂಡಿತ್ತು. ಶುಭ ಗುಂಪು ಬರಲೇ ಇಲ್ಲ. ಮಡಿಸಿದ ಪುಟಗಳೆಲ್ಲ ಬಿಚ್ಚಿಕೊಂಡವು. ಹೊಸ ಪ್ಲಗಿನ್ ತನ್ನ ಕೆಲಸ ಚೆನ್ನಾಗಿಯೇ ಮಾಡಿ, ಇವೆಲ್ಲ ಈಗ ಬಂದ ಪುಟಗಳು ಎಂದು ಆವತ್ತಿನ ತಾರೀಕು ಹಾಕಿ ಸರ್ಚ್‌ಗೂ ತಿಳಿಸಿತ್ತು. ಹಾಗಾದರೆ ನನಗೆ ತಟ್ಟೆ ಕಂಡದ್ದು ಹೇಗೆ? ನಾನು ಆ ರೀಡೈರೆಕ್ಟ್‌ಗಳನ್ನು ಶಾಶ್ವತ ಎಂಬ ಬಗೆಯಲ್ಲಿ ಹಾಕಿದ್ದೆ. ಅಂಥದ್ದನ್ನು ಬ್ರೌಸರ್ ಒಂದು ಸಲ ನೋಡಿದರೆ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಸರ್ವರನ್ನು ಕೇಳುವುದೇ ಇಲ್ಲ. ಪ್ರತಿ ಹೆಣ್ಣುಮಗಳ ಮದುವೆಯಾದಾಗಲೂ ನಾನು ಆ ಕಂಪ್ಯೂಟರಿನಲ್ಲೇ ಒಂದು ಸಲ ತೆರೆದು ನೋಡಿದ್ದೆ. ಅದು ನನಗೆ ತೋರಿಸಿದ್ದು ತನ್ನ ನೆನಪನ್ನು. ಹೊಸಬರು ಇದೊಂದನ್ನು ತಿಳಿದುಕೊಂಡರೆ ಸಾಕು: ನೀವು ಮಾಡಿದ್ದು ಸರಿಯಾಗಿದೆಯೇ ಎಂದು, ಆ ಸೈಟನ್ನು ಒಮ್ಮೆಯೂ ನೋಡಿರದ ಫೋನಿನಲ್ಲಿ ನೋಡಿ.

ಸೈಟನ್ನು ಆಗಲೇ ಮುಚ್ಚಿದೆ. ಬ್ಯಾಕಪ್ ಇದೆ ಎಂದುಕೊಂಡಿದ್ದೆ, ತೆಗೆದರೆ ಅದು ಹಿಂದಿನ ವರ್ಷದ್ದು, ಅದರಲ್ಲೂ ಪ್ಲಗಿನ್ನಿನ ಪಟ್ಟಿ ಇರಲಿಲ್ಲ. ಮೇಷ್ಟ್ರು ಸೈಟು ಬಂದ ಮೇಲೂ ಬಿಡದೆ ಬರೆದಿಡುತ್ತಿದ್ದ ರಿಜಿಸ್ಟರುಗಳನ್ನು ಹೊರಿಸಿಕೊಂಡು ಬಂದರು. ಬೆಳಗಿನಿಂದ ಸಂಜೆಯ ತನಕ ಅವರು ಮಡಿಸಿದ ಹಾಳೆಯ ಮೂಲೆ ಎತ್ತಿ ಹೆಸರು ಓದುವುದು, ನಾನು ವಿಳಾಸ ಸೇರಿಸುವುದು. ಶೋಭಾ, ರೋಹಿಣಿ. ನಾಗಮಣಿ, ಉತ್ತರಾ. ಪವಿತ್ರ, ಹಸ್ತ. ನಕ್ಷತ್ರ ಬೇಕಿರಲಿಲ್ಲ, ಆದರೂ ಅವರು ಅದನ್ನು ಬಿಡದೆ ಓದಿದರು. ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು, ಹಾಳೆಗಳಿಂದ ಉದುರುವ ಹಳೆಯ ಅರಿಶಿನ. ಮಧ್ಯಾಹ್ನದ ಮೇಲೆ ಹೆಸರುಗಳು ಒಂದರ ಹಿಂದೆ ಒಂದು ಬೀದಿಯಲ್ಲಿ ನಡೆದುಹೋಗುತ್ತಿವೆ, ನಾನು ಮನೆಮನೆಯ ಬಾಗಿಲು ಮುಂದಕ್ಕೆಳೆಯುತ್ತಾ ಬರುತ್ತಿದ್ದೇನೆ ಅನ್ನಿಸಿತು. ಭಾಗ್ಯಳ ಹಾಳೆ ಬಂದಾಗ ನನ್ನ ಬೆರಳು ನಿಂತಿತು.

"ಆ ಹುಡುಗನಿಗೆ ಫೋನಲ್ಲಿ ಏನಂದೆ?" ಅಂತ ಕೇಳಿದರು ಮೇಷ್ಟ್ರು. ಅವರಿಗೆ ಆಗಲೇ ಸುದ್ದಿ ಬಂದಿತ್ತು. ಮಹೇಶನ ಮನೆಯವರು ಭಾಗ್ಯಳನ್ನು ಚಂದಕವಾಡಿಯ ತೌರುಮನೆಗೆ ಕಳಿಸಿದ್ದರು. ಇನ್ನೊಂದು ಸಂಬಂಧ ನೋಡಿಕೊಳ್ಳಲು ಅವಳೇ ಫೋಟೊ ಹಾಕಿದ್ದಾಳೆ, ಸೈಟಿನವರೇ ಹಾಗಂದರು ಅಂತ ಅವರ ಮಾತು.

ನಾನು ಅಂದದ್ದನ್ನು ಹೇಳಿದೆ.

"ನೋಡ್ದೆ ಹೇಳ್ಬುಟ್ಟೆ."

"ನೋಡಿಯೇ ಹೇಳ್ದೆ ಮೇಷ್ಟ್ರೇ."

"ನಿನ್ನ ಪೆಟ್ಟಿಗೇಲಿ ನೋಡ್ದೆ. ಅವನ ಕೈಲಿದ್ದದ್ದು ನೋಡ್ದೇನಪ್ಪ?" ಕನ್ನಡಕ ತೆಗೆದು ಒರೆಸಿಕೊಂಡರು. "ಫೋನಲ್ಲಿ ಕೆಟ್ಟದ್ದು ಫೋನಲ್ಲಿ ಸರಿಹೋಗಲ್ಲ. ನಾಳೆ ಹೋಗ್ಬುಟ್ಟು ಬಾ."

ಮಾರನೆಯ ದಿನ ಗುಂಡ್ಲುಪೇಟೆ ಬಸ್ ಹತ್ತಿದೆ. ತೆರಕಣಾಂಬಿ ದಾಟಿದ ಮೇಲೆ ಎರಡೂ ಕಡೆ ಚೆಂಡುಹೂವಿನ ಹೊಲ. ಆ ಹಳದಿ ಕಣ್ಣು ತುಂಬಿ, ಕಣ್ಣು ಮುಚ್ಚಿದರೂ ಒಳಗೆ ಉಳಿದಿರುತ್ತಿತ್ತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡೆ.

ಮಹೇಶ ಆವತ್ತು ರಜೆಯಲ್ಲಿದ್ದ. ಅವನ ತಾಯಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದ ಮೇಲೆ ಮೊರ ಕೆಳಗಿಟ್ಟರು. ಅದಕ್ಕೆಂದೇ ಹಿಂದಿನ ರಾತ್ರಿ ಮಾಡಿಟ್ಟಿದ್ದ ಒಂದು ಪುಟ ತೆರೆದು, ಎರಡು ಫೋನ್ ಪಕ್ಕಪಕ್ಕ ಇಟ್ಟು, ಒಂದೇ ವಿಳಾಸ ಎರಡರಲ್ಲಿ ಎರಡು ಥರ ಕಾಣುವುದು ಹೇಗೆಂದು ತೋರಿಸಿದೆ. ತಪ್ಪು ನನ್ನದು, ಆ ಹೆಣ್ಣುಮಗಳು ಏನೂ ಹಾಕಿಲ್ಲ ಅಂದೆ.

"ಕಂಪ್ಯೂಟ್ರು ಸುಳ್ ಏಳ್ತದಾ?" ಅಂದರು ತಾಯಿ.

"ಇಲ್ಲಮ್ಮ. ಹೇಳಿದ್ದು ನಾನು."

"ಓದ್ದೋರು ನೀವು. ನಿಮ್ ಮಾತ್ ಕಟ್ಕಂಡು ಮನೆ ಸೊಸೆನ ಆಚೆಗ್ ಕಳ್ಸ್‌ಬುಟ್ಟೊ" ಅಂದವರೇ ಮತ್ತೆ ಮೊರ ಎತ್ತಿಕೊಂಡರು. ಆಮೇಲೆ ನನ್ನ ಕಡೆ ನೋಡಲಿಲ್ಲ.

ಮಹೇಶ ಎರಡು ಫೋನುಗಳನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಅವ್ಳೂ ಇದ್ನೇ ಅಂದ್ಲು ಸಾರ್. ಅದು ಅಳೇದು, ನಾನ್ ಆಕಿಲ್ಲ ಅಂತ."

ಅವನ ಬೈಕಿನಲ್ಲೇ ಚಂದಕವಾಡಿಗೆ ಹೋದೆವು. ಭಾಗ್ಯ ಆಗಷ್ಟೇ ಅರಿಶಿನದ ಹೊಲದಲ್ಲಿ ಕಳೆ ತೆಗೆದು ಬಂದಿದ್ದಳು, ಕಾಲಲ್ಲಿ ಕೆಂಪು ಮಣ್ಣು. ಫೋಟೊಗಿಂತ ದೊಡ್ಡವಳಾಗಿ ಕಂಡಳು. ನಾನು ಎಲ್ಲವನ್ನೂ ಇನ್ನೊಂದು ಸಲ ಹೇಳಿದೆ. ಅವಳು ಬಾಗಿಲ ಹತ್ತಿರ ನಿಂತೇ ಕೇಳಿಸಿಕೊಂಡಳು. ಅವಳ ತಾಯಿ ಒಳಗಿನಿಂದ ಕಾಫಿ ತಂದರು.

"ಆಯ್ತು ಸಾರ್. ನಿಮ್ ತಪ್ಪ ನೀವ್ ಒಪ್ಕಂಡ್ರಿ" ಅಂದಳು ಭಾಗ್ಯ. "ಕಾಫಿ ಕುಡೀರಿ, ಆರ್ತದೆ." ಆಮೇಲೆ ಗಂಡನ ಕಡೆ ತಿರುಗಿದಳು. "ನೀವ್ ಯಾಕ್ ಬಂದ್ರಿ?"

"ಸಾರ್ ಬಂದು ಏಳದ್ರಲ್ಲ ಭಾಗ್ಯ, ನೀನ್ ಆಕಿಲ್ಲ ಅಂತ. ನಡಿ, ಓಗನ."

"ಸಾರು ಮೊದ್ಲು ಅವ್ಳೇ ಆಕಿರ್ಬೇಕು ಅಂದ್ರು, ನಂಬುದ್ರಿ. ಈಗ ಆಕಿಲ್ಲ ಅಂತವ್ರೆ, ಅದ್ನೂ ನಂಬುದ್ರಿ. ಎರಡ್ ಸಲಾನೂ ಸಾರ್‌ನೇ ನಂಬುದ್ರಿ. ನನ್ನ ಯಾವಾಗ ನಂಬದು?"

ಕಾಫಿ ಲೋಟ ನನ್ನ ಕೈಯಲ್ಲಿತ್ತು. ಆ ಪ್ರಶ್ನೆಗೆ ಉತ್ತರವಾಗಿ ನಾನು ಏನೋ ವಿವರಿಸಲು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿದಳು, ಬಾಯಿ ಮುಚ್ಚಿಕೊಂಡೆ.

"ಆ ಪುಟ ಪೂರ್ತಿ ತೆಗ್ದಾಕಿ ಸಾರ್" ಅಂದಳು. ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು "ಅವ್ಳೇ ಕೇಳ್ತಾವ್ಳಾ? ಹಂಗಾರೆ ತೆಗಿ" ಅಂದರು. ಮುಂದೆ ಎಲ್ಲ ಮನೆಗೂ ಕೇಳಿ, ಬೇಕೆಂದವರ ಪುಟವನ್ನು ಮಾತ್ರ ಉಳಿಸಿಕೊಂಡೆವು. ಬೇಕು ಅಂದವರು ಬೆರಳೆಣಿಕೆಯಷ್ಟು ಜನ. ಎರಡು ಮಕ್ಕಳ ತಾಯಿ ಅವರಲ್ಲಿ ಒಬ್ಬಳು.

ಆ ದಿನದ ಉಳಿದದ್ದು ನನಗೆ ನೆನಪಿರುವುದು ಹೀಗೆ. ಸಂಜೆಯ ಹೊತ್ತಿಗೆ ಭಾಗ್ಯ ಒಂದು ಚೀಲ ಹಿಡಿದು ಹೊರಗೆ ಬಂದಳು. ಬೈಕ್ ಹತ್ತಲಿಲ್ಲ, ಬಸ್ಸಿನಲ್ಲಿ ಬರುತ್ತೇನೆ ಅಂದಳು. ನಾನೂ ಅದೇ ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂತೆ. ಅವಳು ಕಿಟಕಿಯ ಪಕ್ಕ. ಮಹೇಶನ ಬೈಕು ಬಸ್ಸಿನ ಮುಂದೆ ಹೋಗುವುದು, ಪ್ರತಿ ನಿಲ್ದಾಣದಲ್ಲೂ ಕಾಯುವುದು, ಮತ್ತೆ ಮುಂದೆ ಹೋಗುವುದು. ಇಳಿಬಿಸಿಲು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಚಾಮರಾಜನಗರದಲ್ಲಿ ನಾನು ಇಳಿದೆ. ಅವಳು ಗುಂಡ್ಲುಪೇಟೆ ಬಸ್ಸಿಗೆ ಬದಲಾಯಿಸಿದಳು. ಇದೆಲ್ಲ ನನ್ನ ಕಣ್ಣಿಗೆ ಎಷ್ಟು ಸ್ಪಷ್ಟವಾಗಿದೆಯೆಂದರೆ, ಅವಳ ಚೀಲದ ಮೇಲಿದ್ದ ಬಟ್ಟೆ ಅಂಗಡಿಯ ಹೆಸರನ್ನೂ ಓದಬಲ್ಲೆ.

ಹೋದ ವರ್ಷ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಮಹೇಶ ಸಿಕ್ಕಿದ. ಜೀಪ್ ನಿಲ್ಲಿಸಿ ತಾನೇ ಇಳಿದು ಬಂದು ಮಾತಾಡಿಸಿದ. ಭಾಗ್ಯ ಚೆನ್ನಾಗಿದ್ದಾಳೆ ಅಂದ. ಆವತ್ತು ಬಸ್ಸಿನ ಪಕ್ಕದಲ್ಲೇ ಬೈಕಿನಲ್ಲಿ ಬಂದೆಯಲ್ಲ ಅಂದೆ. ಅವನು ಹುಬ್ಬು ಗಂಟಿಕ್ಕಿದ.

"ಯಾವ್ ಬಸ್ಸು ಸಾರ್? ಅವತ್ತು ಅವ್ಳು ಬರ್ನೇ ಇಲ್ಲ. ನಾನೂ ನೀವೂ ಬೈಕಲ್ಲೇ ವಾಪಸ್ ಬಂದೊ. ನಿಮ್ಮ ಚಾಮ್ರಾಜ್‌ನಗ್ರದಲ್ಲಿ ಇಳ್ಸಿ ನಾನು ಓದೆ."

"ಮತ್ತೆ ಅವಳು?"

"ಒಂಬತ್ತ್ ದಿನ ಬುಟ್ಟು ನಾನೊಬ್ನೇ ಓಗಿದ್ದೆ. ಮಾತಾಡ್ದೊ. ಆಮ್ಯಾಕೆ ಬಂದ್ಲು."

"ಏನು ಮಾತಾಡಿದ್ರಿ?"

"ಅದು ನಮ್ಮಿಬ್ರುದು ಬುಡಿ ಸಾರ್" ಅಂದು ನಕ್ಕು ಜೀಪ್ ಹತ್ತಿದ.

ಅವನು ಹೋದ ಮೇಲೂ ನಿಲ್ದಾಣದ ಉದ್ದಕ್ಕೆ ಎರಡು ಮೂರು ಸಲ ಅಡ್ಡಾಡಿದೆ. ಆ ಇಳಿಬಿಸಿಲು, ಕಿಟಕಿ, ಚೀಲ ಎಲ್ಲ ಈಗಲೂ ಇದ್ದ ಹಾಗೆಯೇ ಇವೆ, ಒಂದೂ ಮಸುಕಾಗಿಲ್ಲ. ಆದರೂ ನಾನು ಮಹೇಶನ ಮಾತನ್ನೇ ನಂಬುತ್ತೇನೆ. ನನ್ನ ನೆನಪಿನಲ್ಲಿ ಅವಳು ನನ್ನ ಮಾತು ಕೇಳಿ ಅಂದೇ ಹೊರಡುತ್ತಾಳೆ, ಎರಡು ಸೀಟು ಹಿಂದೆ ನಾನೂ ಕೂತಿರುತ್ತೇನೆ. ಅವನು ಹೇಳಿದ್ದರಲ್ಲಿ, ಅವಳು ಹೊರಡುವಾಗ ನಾನಿಲ್ಲ.